ಒಳ್ಳೆ ಜೀನು, ಕೆಟ್ಟ ಜೀನು

‘ವಂಶವಾಹಿ’ ಎಂಬ ಪದವನ್ನು ಈ ಒಂದು ಪ್ಯಾರಾ ಬಿಟ್ಟರೆ ಲೇಖನದಲ್ಲಿ ಮತ್ತೆಲ್ಲೂ ಬಳಸುವುದಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೂವತ್ತೊಂದು ವರ್ಷವೂ ಬೋರ್ಡಿನ ಮೇಲೆ ಬರೆದ ಪದ ಅದು. ನಿವೃತ್ತಿಯಾದ ಮೇಲೆ, ಮಕ್ಕಳ ಕ್ಯಾನ್ಸರ್ ವಾರ್ಡೊಂದರ ಹೊರಗಿನ ಬೆಂಚಿನಲ್ಲಿ ವಾರಕ್ಕೆರಡು ದಿನ ಕೂತು, ಇಂಗ್ಲಿಷ್ ಬಾರದ ತಂದೆತಾಯಿಗಳಿಗೆ ರಿಪೋರ್ಟು ಓದಿ ಹೇಳುವ ಕೆಲಸ ಹಚ್ಚಿಕೊಂಡೆ. ಒಂದು ದಿನ ಕೊಪ್ಪಳದ ಕಡೆಯ ಅಜ್ಜಿ, ಸೊಸೆ, ಮಗು ಬಂದು ಕೂತರು. ‘ಮಗುವಿನ ವಂಶವಾಹಿಯಲ್ಲಿ ಒಂದು ದೋಷ ಕಂಡಿದೆ’ ಎಂದು ನಾನು ಅಚ್ಚಗನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಸೊಸೆಯ ಕಡೆ ತಿರುಗಿಯಾಗಿತ್ತು. “ನಮ್ಮ ಪೈಕಿ ಒಬ್ಬರಿಗೂ ಇಲ್ರಿ ಸರ. ಇದು ಅಕಿ ತವರುಮನಿ ರಕ್ತ.” ಸೊಸೆ ಏನೂ ಅನ್ನಲಿಲ್ಲ. ಮಗುವಿನ ಕೈಗೆ ಚುಚ್ಚಿದ್ದ ಸೂಜಿಯ ಮೇಲಿನ ಪ್ಲಾಸ್ಟರು ಒಂದು ತುದಿಯಲ್ಲಿ ಎದ್ದಿತ್ತು. ಹೆಬ್ಬೆರಳಿನಿಂದ ಅದನ್ನು ಒತ್ತುತ್ತ ಕೂತಳು. ಅಂಟು ಹೋಗಿತ್ತು, ಒತ್ತಿದಷ್ಟೂ ಏಳುತ್ತಿತ್ತು.

ಆ ದೋಷ ಅಜ್ಜಿಯ ಮನೆಯದೂ ಅಲ್ಲ, ಸೊಸೆಯ ತವರಿನದೂ ಅಲ್ಲ. ಬ್ಲಡ್ ಕ್ಯಾನ್ಸರ್ (ಲ್ಯುಕೀಮಿಯಾ) ಬಂದ ಬಹುಪಾಲು ಮಕ್ಕಳಲ್ಲಿ ಕಾಣುವ ಜೀನ್ ಬದಲಾವಣೆ ಅಪ್ಪ ಅಮ್ಮನಿಂದ ಇಳಿದು ಬಂದದ್ದಲ್ಲ. ಮಗುವಿನ ದೇಹದಲ್ಲೇ, ರಕ್ತ ಹುಟ್ಟಿಸುವ ಯಾವುದೋ ಒಂದು ಜೀವಕೋಶ ಒಡೆದು ಎರಡಾಗುವಾಗ ಆದ ಎಡವಟ್ಟು. ಕ್ಯಾನ್ಸರ್ ಕೋಶಗಳಲ್ಲಿ ಅದು ಇರುತ್ತದೆ. ಅದೇ ಮಗುವಿನ ಚರ್ಮದಲ್ಲಿ, ಕೂದಲ ಬುಡದಲ್ಲಿ ಇರುವುದಿಲ್ಲ. ವಂಶವೂ ಇಲ್ಲ, ವಾಹಕವೂ ಇಲ್ಲ. ಹಾಗಾಗಿ ಇನ್ನು ಮುಂದೆ ಜೀನ್ ಎಂದೇ ಬರೆಯುತ್ತೇನೆ. ಪದ ಪರದೇಶದ್ದಾದರೂ ಅದರಿಂದ ಯಾರ ತವರಿಗೂ ಬೈಗುಳ ಬೀಳುವುದಿಲ್ಲ.

ಪದದ ಜಗಳ ಅಲ್ಲಿಗೆ ಬಿಡೋಣ. ನನ್ನ ತಕರಾರು ಅದಕ್ಕಿಂತ ದೊಡ್ಡದು. ಓದಿದವರ ನಡುವೆ ಈಗೊಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಕ್ಯಾನ್ಸರ್ ಬಂದ ಮಗು ಉಳಿಯುತ್ತದೋ ಇಲ್ಲವೋ ಎಂಬುದು ಅದರ ಜೀನಿನಲ್ಲಿ ಬರೆದಿದೆ, ಓದುವ ಯಂತ್ರ ಬಂದಿದೆ, ದುಡ್ಡು ಕೊಟ್ಟರೆ ಓದಿ ಹೇಳುತ್ತಾರೆ. ಲ್ಯಾಬುಗಳ ಕರಪತ್ರ ಇದನ್ನೇ ಹೇಳುತ್ತದೆ, ಪತ್ರಿಕೆಯ ಆರೋಗ್ಯ ಪುಟ ಇದನ್ನೇ ಅಚ್ಚು ಹಾಕುತ್ತದೆ. ಮಗುವಿನ ಚಿಕ್ಕಪ್ಪನೊಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೆ ಮುಗಿಯಿತು. ಜ್ವರ ಇದೆಯೇ, ಊಟ ಸೇರುತ್ತಿದೆಯೇ ಎಂದು ಕೇಳುವ ಮೊದಲೇ ಅವನ ಪ್ರಶ್ನೆ, “ಫುಲ್ ಪ್ಯಾನೆಲ್ ಮಾಡಿಸಿದ್ರಾ?” ಹಣೆಬರಹ ಇದೆ ಎಂದು ನಂಬಿದ್ದ ನಮ್ಮ ಹಿರಿಯರು ಅದನ್ನು ಓದಲು ಬರುವುದಿಲ್ಲ ಎಂದಾದರೂ ಒಪ್ಪಿಕೊಂಡಿದ್ದರು. ಇವರಿಗೆ ಅಷ್ಟು ವಿನಯವೂ ಇಲ್ಲ.

ಜೀನ್ ಗುರುತು ಮಗುವಿನ ಭವಿಷ್ಯ ಹೇಳುವುದಿಲ್ಲ. ಅದು ಹೇಳುವುದೇನಿದ್ದರೂ ಮದ್ದಿನ ಸುದ್ದಿ. ಇಂಥ ದೇಶದಲ್ಲಿ, ಇಂಥ ವರ್ಷಗಳಲ್ಲಿ, ಇಂಥ ಮದ್ದನ್ನು ತಪ್ಪದೆ ಕೊಟ್ಟಾಗ ಈ ಗುರುತಿನ ಮಕ್ಕಳಲ್ಲಿ ಇಷ್ಟು ಜನ ಉಳಿದರು ಎಂಬ ಹಳೆಯ ಲೆಕ್ಕ ಅದು. ದೇಶ, ವರ್ಷ, ಮದ್ದು, ‘ತಪ್ಪದೆ’ ಎಂಬ ನಾಲ್ಕನ್ನೂ ಅಳಿಸಿ ಗುರುತನ್ನು ಮಾತ್ರ ಉಳಿಸಿಕೊಂಡಿರುವುದರಿಂದ ಅದು ಭವಿಷ್ಯವಾಣಿಯಂತೆ ಕೇಳಿಸುತ್ತಿದೆ.

‘ಒಳ್ಳೆ ಜೀನ’ನ್ನೇ ಮೊದಲು ನೋಡಿ. 12ನೇ ಮತ್ತು 21ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಎರಡು ಜೀನುಗಳು ಬೆಸೆದುಕೊಳ್ಳುವುದುಂಟು. ಇಟಿವಿ6-ರನ್‌ಎಕ್ಸ್1 ಎಂದು ರಿಪೋರ್ಟಿನಲ್ಲಿ ಬರೆಯುತ್ತಾರೆ. 1990ರ ದಶಕದ ನಡುವಿನಲ್ಲಿ ಗೊತ್ತಾದದ್ದು. ಪಶ್ಚಿಮ ದೇಶಗಳಲ್ಲಿ ಮಕ್ಕಳ ಲ್ಯುಕೀಮಿಯಾದ ಮುಖ್ಯ ಬಗೆಯಲ್ಲಿ ಸರಿಸುಮಾರು ನಾಲ್ಕರಲ್ಲೊಬ್ಬರಿಗೆ ಇದು ಇರುತ್ತದೆ, ಅಂಥವರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಡಾಕ್ಟರು ಈ ಹೆಸರು ನೋಡಿದರೆ ಮುಖ ಸಡಿಲಿಸುತ್ತಾರೆ.

1947ರಲ್ಲೂ ಈ ಗುರುತಿನ ಮಕ್ಕಳು ಇದ್ದೇ ಇದ್ದರು. ಎಲ್ಲರೂ ಸತ್ತರು. ಕೆಟ್ಟ ಗುರುತಿನವರ ಜೊತೆಜೊತೆಗೆ, ಅದೇ ವಾರ್ಡಿನಲ್ಲಿ, ಅದೇ ಕೆಲವು ತಿಂಗಳುಗಳಲ್ಲಿ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಹತ್ತು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದದ್ದನ್ನು ಪ್ರಕಟಿಸಿದರು. ಆ ಮದ್ದು ಬಂದದ್ದು ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದ ಲೆಡರ್ಲಿ ಪ್ರಯೋಗಾಲಯದಿಂದ. (ನಮ್ಮ ಪಠ್ಯಪುಸ್ತಕದಲ್ಲಿ ಮೆಂಡೆಲನ ಬಟಾಣಿಗೆ ಇಡೀ ಅಧ್ಯಾಯವಿತ್ತು, ಸುಬ್ಬರಾಯರಿಗೆ ಒಂದು ಸಾಲೂ ಇರಲಿಲ್ಲ, ನಾನೂ ಸೇರಿಸಿ ಹೇಳಲಿಲ್ಲ.) ಆಮೇಲೆ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರ 6-ಎಂಪಿ ಮಾತ್ರೆ ಬಂತು. 1960ರ ದಶಕ ಮುಗಿಯುವ ಹೊತ್ತಿಗೆ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮದ್ದುಗಳನ್ನು ಕೂಡಿಸಿ ಕೊಟ್ಟು ಅರ್ಧದಷ್ಟು ಮಕ್ಕಳನ್ನು ಉಳಿಸಿಕೊಂಡರು. ಇವರಲ್ಲಿ ಯಾರೂ ಒಂದು ಜೀನನ್ನೂ ಓದಿರಲಿಲ್ಲ. ಆ ಜೀನು ಹುಟ್ಟಾ ಒಳ್ಳೆಯದಲ್ಲ. ಮದ್ದು ಬಂದು ಅದಕ್ಕೆ ಒಳ್ಳೆಯ ಹೆಸರು ತಂದಿತು.

ಇನ್ನು ಕೆಟ್ಟದ್ದು. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಕಂಡುಹಿಡಿದ ಫಿಲಡೆಲ್ಫಿಯಾ ಕ್ರೋಮೋಸೋಮು. ಲ್ಯುಕೀಮಿಯಾ ಬಂದ ನೂರು ಮಕ್ಕಳಲ್ಲಿ ಮೂರೋ ಐದೋ ಜನರಿಗೆ ಇರುತ್ತದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದು ರಿಪೋರ್ಟಿನಲ್ಲಿ ಕಂಡರೆ ಡಾಕ್ಟರು ಕುರ್ಚಿ ಎಳೆದು ತಂದೆಯ ಹತ್ತಿರ ಕೂರುತ್ತಿದ್ದರಂತೆ. ಬರೀ ಕೀಮೊ ಕೊಟ್ಟರೆ ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇರುತ್ತಿದ್ದವರು ನೂರಕ್ಕೆ 35. ದಾನಿ ಸಿಕ್ಕಿದರೆ ಅಸ್ಥಿಮಜ್ಜೆ ಕಸಿ, ಸಿಗದಿದ್ದರೆ ದೇವರು. ಆಮೇಲೆ ಇಮ್ಯಾಟಿನಿಬ್ ಮಾತ್ರೆ ಬಂತು. ಅಮೆರಿಕದ ಮಕ್ಕಳ ಕ್ಯಾನ್ಸರ್ ತಜ್ಞರ ಕೂಟ ಕೀಮೊ ಜೊತೆಗೆ ಅದನ್ನು ದಿನವೂ ಬಿಡದೆ ಕೊಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿತು. 44 ಮಕ್ಕಳ ಗುಂಪು, ಮೂರು ವರ್ಷದ ಲೆಕ್ಕ, ನೂರಕ್ಕೆ 80. ಕ್ರೋಮೋಸೋಮು ಅದೇ, ಮಕ್ಕಳ ರಕ್ತದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಇಂಥ ಮಗುವಿನ ತಂದೆಗೆ 1998ರಲ್ಲಿ ‘ಕೆಟ್ಟ ಜೀನು’ ಎಂದವರು ಹೇಳಿದ್ದು ಮಗುವಿನ ಬಗ್ಗೆಯೋ, ಅಥವಾ ಆ ವರ್ಷ ಔಷಧದ ಅಂಗಡಿಯಲ್ಲಿ ಏನಿರಲಿಲ್ಲ ಎಂಬುದರ ಬಗ್ಗೆಯೋ?

ನಮ್ಮಲ್ಲಿ ಈ ಕತೆಗೆ ಇನ್ನೂ ಒಂದು ತಿರುವಿದೆ. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಹೆಸರಲ್ಲಿ ಮಾರುತ್ತಿದ್ದ ಇಮ್ಯಾಟಿನಿಬ್ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. ಭಾರತದ ಕಂಪನಿಗಳು ಮಾಡಿದ ಅದೇ ಮದ್ದು ಹತ್ತು ಸಾವಿರದೊಳಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿ ಅಗ್ಗದ ಮಾತ್ರೆಗೆ ದಾರಿ ಉಳಿಸಿತು. ಫಿಲಡೆಲ್ಫಿಯಾ ಕ್ರೋಮೋಸೋಮಿನ ನಮ್ಮ ಮಕ್ಕಳ ಹಣೆಬರಹ ಎಂಬುದೊಂದಿದ್ದರೆ ಅದರ ಒಂದು ಪುಟ ದಿಲ್ಲಿಯ ತಿಲಕ್ ಮಾರ್ಗದ ಆ ಕೋರ್ಟಿನಲ್ಲಿ ಟೈಪಾಯಿತು. ಯಾವ ಫುಲ್ ಪ್ಯಾನೆಲ್ಲಿನಲ್ಲಿ ಇದು ಬರುತ್ತದೆ?

ಇದೊಂದೇ ಉದಾಹರಣೆ ಹಿಡಿದು ಜಗ್ಗುತ್ತಿದ್ದೇನೆ ಎನ್ನಬೇಡಿ. ಒಂದು ವರ್ಷ ತುಂಬದ ಕೂಸುಗಳಿಗೆ ಬರುವ ಲ್ಯುಕೀಮಿಯಾದಲ್ಲಿ ಕೆಎಂಟಿ2ಎ ಎಂಬ ಜೀನು ಮುರಿದಿದ್ದರೆ ಅದಕ್ಕಿಂತ ಕೆಟ್ಟ ಗುರುತು ಇಲ್ಲ ಎಂದು ದಶಕಗಳ ಕಾಲ ಬರೆದರು. ನೆದರ್ಲೆಂಡ್ಸ್‌ನ ಮುಂದಾಳತ್ವದಲ್ಲಿ 30 ಕೂಸುಗಳಿಗೆ ಕೀಮೊ ಜೊತೆ ಬ್ಲಿನಾಟುಮೊಮಾಬ್ ಎಂಬ ಮದ್ದು ಕೊಟ್ಟ ಅಧ್ಯಯನ 2023ರಲ್ಲಿ ಹೊರಬಂತು. ಎರಡು ವರ್ಷ ರೋಗವಿಲ್ಲದೆ ಉಳಿದವರು ಮೊದಲು ನೂರಕ್ಕೆ 49 ಇದ್ದದ್ದು 81 ದಾಟಿತು. ಆ ಮದ್ದಿಗೆ ಇಲ್ಲಿ ಲಕ್ಷಗಟ್ಟಲೆ ಬೇಕು. ಹಾಗಾದರೆ ಒಂದೇ ಜೀನು ಉಟ್ರೆಕ್ಟ್‌ನಲ್ಲಿ ಒಂದು ಭವಿಷ್ಯ, ರಾಯಚೂರಿನಲ್ಲಿ ಇನ್ನೊಂದು. ಅಷ್ಟು ದೂರವೂ ಹೋಗಬೇಕಿಲ್ಲ. ನಾಚ್1 ಎಂಬ ಜೀನಿನ ಬದಲಾವಣೆ ಟಿ-ಸೆಲ್ ಲ್ಯುಕೀಮಿಯಾದ ಮಕ್ಕಳಿಗೆ ಶುಭ ಎಂದು ಜರ್ಮನಿಯ ಚಿಕಿತ್ಸಾ ಗುಂಪು 2006ರಲ್ಲಿ ಹೇಳಿತು. ಪಕ್ಕದ ಡಚ್ಚರು ತಮ್ಮ ಮಕ್ಕಳಲ್ಲಿ ಹುಡುಕಿದರೆ ಮೊದಲ ಸ್ಟೆರಾಯ್ಡಿಗೆ ರೋಗ ಚೆನ್ನಾಗಿ ಬಗ್ಗಿತೇ ಹೊರತು ಕೊನೆಗೆ ಉಳಿದವರ ಸಂಖ್ಯೆಯಲ್ಲಿ ಲಾಭವೇನೂ ಕಾಣಲಿಲ್ಲ. ಗಡಿ ದಾಟಿದ ಕೂಡಲೇ ಶುಭ ಕರಗುವುದಾದರೆ ಅದು ಕೋಶದೊಳಗೆ ಇರಲಿಲ್ಲ, ಚಿಕಿತ್ಸೆಯ ಚೀಟಿಯಲ್ಲಿತ್ತು.

ಹುಟ್ಟಿನಿಂದಲೇ ಬಂದ ಜೀನುಗಳ ಕತೆಯೂ ಇದೇ. ಅಮೆರಿಕದ ಮೂಲನಿವಾಸಿಗಳ ಪೀಳಿಗೆಯ ಅಂಶ ಜೀನುಗಳಲ್ಲಿ ಹೆಚ್ಚಿರುವ ಮಕ್ಕಳಿಗೆ ಲ್ಯುಕೀಮಿಯಾ ಮರುಕಳಿಸುವುದು ಹೆಚ್ಚು ಎಂದು 2011ರಲ್ಲಿ ಗೊತ್ತಾಯಿತು. ಆ ಸುದ್ದಿಯ ಮೊದಲರ್ಧವನ್ನು ಎಲ್ಲರೂ ಓದಿದರು. ಎರಡನೆಯ ಅರ್ಧ ಏನೆಂದರೆ, ಕೀಮೊದ ಇನ್ನೊಂದು ಸುತ್ತು ಹೆಚ್ಚಿಗೆ ಕೊಟ್ಟ ಮಕ್ಕಳಲ್ಲಿ ಆ ಅಪಾಯ ಇಳಿದುಹೋಯಿತು.

ರೋಗ ಬರುತ್ತದೋ ಇಲ್ಲವೋ ಎಂಬುದನ್ನೇ ಜೀನು ನಿರ್ಧರಿಸುವುದಿಲ್ಲ, ಬಂದ ಮೇಲಿನ ಮಾತು ಹಾಗಿರಲಿ. ಇಂಗ್ಲೆಂಡಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು ಆರೋಗ್ಯವಾಗಿ ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿಯ ರಕ್ತ ನೋಡಿ 2002ರಲ್ಲಿ ಬರೆದರು: ಮೇಲೆ ಹೇಳಿದ ಇಟಿವಿ6-ರನ್‌ಎಕ್ಸ್1 ಬೆಸುಗೆ ನೂರರಲ್ಲಿ ಒಂದು ಕೂಸಿನಲ್ಲಿ ಇದೆ. ಅಂಥ ನೂರು ಕೂಸುಗಳಲ್ಲಿ ಒಂದಕ್ಕೆ ಮುಂದೆ ಲ್ಯುಕೀಮಿಯಾ ಬರಬಹುದು. ಉಳಿದ ತೊಂಬತ್ತೊಂಬತ್ತು ಆ ಗುರುತನ್ನು ಇಟ್ಟುಕೊಂಡೇ ಶಾಲೆಗೆ ಹೋಗುತ್ತವೆ, ಗಿಲ್ಲಿದಾಂಡು ಆಡುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ.

“ಇದೆಲ್ಲ ಡಾಕ್ಟರುಗಳಿಗೆ ಗೊತ್ತಿಲ್ಲವೇ ಮೇಷ್ಟ್ರೇ?” ಎಂದು ಗೆಳೆಯರೊಬ್ಬರು ಕೇಳಿದರು. ಗೊತ್ತಿದೆ. ಒಳ್ಳೆಯ ಮಕ್ಕಳ ಕ್ಯಾನ್ಸರ್ ತಜ್ಞರು ಜೀನ್ ಗುರುತು ನೋಡಿ ಕೂತುಬಿಡುವುದಿಲ್ಲ. ಎಂಟನೆಯ ದಿನ ರಕ್ತದಲ್ಲಿ ಕೆಟ್ಟ ಕೋಶ ಎಷ್ಟು ಇಳಿದಿದೆ, ತಿಂಗಳ ಕೊನೆಗೆ ಮಜ್ಜೆಯಲ್ಲಿ ಹತ್ತು ಸಾವಿರಕ್ಕೆ ಒಂದಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ಎಂಆರ್‌ಡಿ ಎನ್ನುತ್ತಾರೆ ಅದಕ್ಕೆ. ಮದ್ದು ಹಾಕಿ ನೋಡಿ ಆಮೇಲೆ ಮಾತಾಡುವ ಪರೀಕ್ಷೆ ಇದು. ಐಕೆಝಡ್‌ಎಫ್1 ಎಂಬ ಜೀನು ಇನ್ನೂ ಕೆಲವು ಜೀನುಗಳ ಜೊತೆ ಕಳೆದುಹೋಗಿದ್ದರೆ ಬಲು ಕೆಟ್ಟದ್ದು ಎಂದು ಜರ್ಮನಿಯವರು ಗುರುತಿಸಿದರು. ಅದೇ ಲೇಖನದಲ್ಲಿ, ಮೊದಲ ತಿಂಗಳಿಗೇ ಎಂಆರ್‌ಡಿ ಪೂರ್ತಿ ಇಳಿದ ಮಕ್ಕಳಿಗೆ ಆ ಗುರುತಿನಿಂದ ಕೇಡಿಲ್ಲ ಎಂದೂ ಬರೆದರು. ತಜ್ಞರ ಕೈಯಲ್ಲಿ ಗುರುತು ಒಂದು ಸುಳಿವು. ವಾರ್ಡಿನ ಬಾಗಿಲು ದಾಟಿ ಕಾರಿಡಾರಿಗೆ ಬರುವಷ್ಟರಲ್ಲಿ ಅದು ತೀರ್ಪಾಗಿರುತ್ತದೆ. ದಿನಕ್ಕೆ ಅರವತ್ತು ಮಕ್ಕಳನ್ನು ನೋಡುವ ಡಾಕ್ಟರಿಗೆ ಕಾರಿಡಾರಿನವರೆಗೆ ಬಂದು ತಿದ್ದಲು ಪುರುಸೊತ್ತಿಲ್ಲ. ನಾನು ಕೂರುವುದು ಕಾರಿಡಾರಿನಲ್ಲಿ.

ಅಲ್ಲೇ ಒಮ್ಮೆ ದೇವದುರ್ಗದ ಹೆಣ್ಣುಮಗಳೊಬ್ಬಳು ಮಗನ ರಿಪೋರ್ಟಿನ ಕೊನೆಯ ಪುಟದಲ್ಲಿ ಒಂದು ಪದದ ಮೇಲೆ ಬೆರಳಿಟ್ಟಳು. ಏಳನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಓದಬಲ್ಲಳು. ‘ಪೂರ್ ಪ್ರೋಗ್ನೋಸಿಸ್’ ಎಂದಿತ್ತು. ಮೊದಲ ಪದ ಮಾತ್ರ ಅವಳಿಗೆ ಬಂತು. “ಪೂರ್ ಅಂದ್ರ ಬಡವರು ಅಲ್ರಿ ಸರ? ನಾವು ಬಡವರು ಅಂತ ಇದರಾಗೂ ಬರದಾರೇನ್ರಿ?”

ಇಲ್ಲಮ್ಮ, ಇದರ ಅರ್ಥ ಬೇರೆ ಎಂದೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಅವಳ ಅನುವಾದವೇ ಸರಿ ಇತ್ತಲ್ಲ ಅನ್ನಿಸಿತು.

ಸರಿ ಎಂದು ಹೇಳಲು ಆಧಾರವಿದೆ. ಬ್ರೆಜಿಲ್‌ನ ಬಡ ಈಶಾನ್ಯ ಭಾಗದ ರೆಸೀಫಿ ನಗರದಲ್ಲಿ 1980ರ ದಶಕದಲ್ಲಿ ಲ್ಯುಕೀಮಿಯಾದ ಮಕ್ಕಳಲ್ಲಿ ಐದು ವರ್ಷ ರೋಗ ಮರುಕಳಿಸದೆ ಉಳಿಯುತ್ತಿದ್ದವರು ನೂರಕ್ಕೆ 32. ನೂರಕ್ಕೆ 16 ಮಕ್ಕಳನ್ನು ತಂದೆತಾಯಿ ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿ ಕರೆದುಕೊಂಡು ಹೋಗುತ್ತಿದ್ದರು. ಮೆಂಫಿಸ್‌ನ ಸೇಂಟ್ ಜೂಡ್‌ನವರ ನೆರವಿನಿಂದ ಅಲ್ಲಿ ಮಕ್ಕಳಿಗೇ ಒಂದು ಘಟಕ ಮಾಡಿದರು, ತರಬೇತಾದ ನರ್ಸುಗಳನ್ನು ಇಟ್ಟರು, ಉಳಿದುಕೊಳ್ಳಲು ಮನೆ ಕೊಟ್ಟರು, ಬಸ್ ಚಾರ್ಜು ಕೊಟ್ಟರು, ಬಾರದವರನ್ನು ಹುಡುಕಿ ಕರೆತಂದರು. 2002ರ ಹೊತ್ತಿಗೆ ಬಿಟ್ಟುಹೋಗುವವರು ಇನ್ನೂರಕ್ಕೆ ಒಬ್ಬರು, ಉಳಿಯುವವರು ನೂರಕ್ಕೆ 63. ಬ್ರೆಜಿಲ್ ಮಕ್ಕಳ ಜೀನುಗಳು ಇಪ್ಪತ್ತು ವರ್ಷದಲ್ಲಿ ಸುಧಾರಿಸಿದವೇ? ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲೂ ಒಂದು ಕಾಲಕ್ಕೆ ಐದರಲ್ಲೊಂದು ಮಗುವಿನ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತಿತ್ತು. ವಸತಿ, ಪಡಿತರ, ಹಣ, ಫೋನು ಮಾಡಿ ವಿಚಾರಿಸುವ ಜನ ಇವನ್ನೆಲ್ಲ ಜೋಡಿಸಿದ ಮೇಲೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಉಳಿಯುತ್ತಾರೆ, ಬಡ ದೇಶಗಳಲ್ಲಿ 30ಕ್ಕೂ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಷ್ಟು ದೊಡ್ಡ ಕಂದಕ ತೋಡುವ ಶಕ್ತಿ ಯಾವ ಜೀನಿಗೂ ಇಲ್ಲ.

ಮಾತ್ರೆಯ ಸಂಗತಿ ಹೇಳುತ್ತೇನೆ. ದೊಡ್ಡ ಕೀಮೊ ಮುಗಿದ ಮೇಲೆ ಸುಮಾರು ಎರಡು ವರ್ಷ ಮನೆಯಲ್ಲೇ ಮಾತ್ರೆ ನುಂಗಬೇಕು. 6-ಎಂಪಿ ಬರುವುದು 50 ಮಿಲಿಗ್ರಾಂ ಮಾತ್ರೆಯಾಗಿ, ಮಗುವಿಗೆ ಬೇಕಾದದ್ದು ಮುಕ್ಕಾಲು. ತಾಯಿ ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಬೆನ್ನಿನ ಮೇಲೆ ಮಾತ್ರೆ ಇಟ್ಟು, ಹೊಸ ಬ್ಲೇಡಿನಿಂದ ಮೊದಲು ಅರ್ಧ ಮಾಡುತ್ತಾಳೆ, ಅರ್ಧವನ್ನು ಕಾಲು ಮಾಡುವಾಗ ಉಸಿರು ಬಿಗಿಹಿಡಿಯುತ್ತಾಳೆ. ಪುಡಿಯಾದರೆ ಆ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ಚಮಚಕ್ಕೆ ಉದುರಿಸುತ್ತಾಳೆ. ಮಿಕ್ಕ ಕಾಲನ್ನು ಕಾಗದದಲ್ಲಿ ಮಡಚಿ ಇಡುತ್ತಾಳೆ. ನಾಲ್ಕನೆಯ ದಿನ ಮೂರು ಕಾಲು ಸೇರಿ ಒಂದು ಹೊತ್ತಿನದಾಗುತ್ತದೆ. ಇದರ ಜೊತೆ ಮೆಥೋಟ್ರೆಕ್ಸೇಟ್, ಸಣ್ಣ ಹಳದಿ ಮಾತ್ರೆ ಆರು, ವಾರಕ್ಕೊಂದೇ ಸಲ. ಮರೆತು ದಿನಾ ಕೊಟ್ಟರೆ ಮಗುವಿನ ಪ್ರಾಣಕ್ಕೇ ಬರುತ್ತದೆ. ಇಷ್ಟನ್ನೂ ಅಕ್ಷರ ಬಾರದ ಹೆಂಗಸರು ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು ಎರಡು ವರ್ಷ ಸಂಭಾಳಿಸಿದ್ದನ್ನು ನೋಡಿದ್ದೇನೆ.

ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಎಂಬ ತಜ್ಞೆ ಇದೇ 6-ಎಂಪಿ ಬಾಟಲಿಗೆ ಚಿಪ್ ಇರುವ ಮುಚ್ಚಳ ಹಾಕಿಸಿದರು. ತೆರೆದಾಗಲೆಲ್ಲ ದಿನಾಂಕ, ಗಂಟೆ ದಾಖಲಾಗುತ್ತದೆ. ನೂರರಲ್ಲಿ ಐದಕ್ಕಿಂತ ಹೆಚ್ಚು ದಿನ ಮಾತ್ರೆ ತಪ್ಪಿದ ಮಕ್ಕಳಿಗೆ ರೋಗ ಮರುಕಳಿಸುವ ಅಪಾಯ ಎರಡೂವರೆ ಪಟ್ಟಿಗೂ ಮೀರಿ ಏರುತ್ತದೆ ಎಂದು ತಿಳಿಯಿತು. ಬಾಟಲಿಯ ಮುಚ್ಚಳ ಹೇಳಿದ ಭವಿಷ್ಯ ಇದು. ಅದಕ್ಕೆ ಯಾವ ಲ್ಯಾಬೂ ಕರಪತ್ರ ಹಂಚುವುದಿಲ್ಲ.

ಹಾಗಂತ ಜೀನ್ ಪರೀಕ್ಷೆಯೇ ಬೇಡ ಎನ್ನುವವನಲ್ಲ ನಾನು. ಇದೇ 6-ಎಂಪಿಯನ್ನು ಕೆಲವು ಮಕ್ಕಳ ದೇಹ ಅರಗಿಸಿಕೊಳ್ಳಲಾರದು. ರಕ್ತದ ಕೌಂಟ್ಸ್ ಪಾತಾಳಕ್ಕಿಳಿದು ಸೋಂಕಿಗೆ ಬಲಿಯಾಗುತ್ತಾರೆ. ಅದಕ್ಕೆ ಬಿಳಿಯರಲ್ಲಿ ಕಾರಣ ಟಿಪಿಎಂಟಿ ಎಂಬ ಜೀನು. ನಾವೂ ಬಹಳ ಕಾಲ ಅದನ್ನೇ ಹುಡುಕಿದೆವು. ನಮ್ಮ ಕಡೆ ಹೆಚ್ಚಾಗಿ ತೊಂದರೆ ಕೊಡುವುದು ನಡ್‌ಟಿ15. ಕೊರಿಯಾದ ರೋಗಿಗಳಿಂದ 2014ರಲ್ಲಿ ಬೆಳಕಿಗೆ ಬಂತು, ಭಾರತದಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಬ್ಬರಲ್ಲಿ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದಿದ್ದರೆ ಮಗು ಮಾಮೂಲಿ ಪ್ರಮಾಣದ ಹತ್ತನೇ ಒಂದು ಭಾಗವನ್ನೂ ತಾಳುವುದಿಲ್ಲ. ಈ ಪರೀಕ್ಷೆ ಭವಿಷ್ಯ ಹೇಳುವುದಿಲ್ಲ, ನಾಳೆ ಬೆಳಿಗ್ಗೆ ಬ್ಲೇಡು ಎಲ್ಲಿ ಇಡಬೇಕು ಎಂದು ಹೇಳುತ್ತದೆ. ಮಾಡಿಸಲೇಬೇಕು. ಫಿಲಡೆಲ್ಫಿಯಾ ಕ್ರೋಮೋಸೋಮು ಇದೆಯೇ ಎಂದು ನೋಡಲೇಬೇಕು, ಇದ್ದರೆ ಇಮ್ಯಾಟಿನಿಬ್ ಕೊಡಲು. ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವ ರೆಟಿನೊಬ್ಲಾಸ್ಟೋಮಾದಲ್ಲಿ ಆರ್‌ಬಿ1 ಜೀನು ಕೆಲವು ಸಲ ನಿಜಕ್ಕೂ ಮನೆತನದ್ದೇ. ನೋಡಿದರೆ ಮುಂದಿನ ಮಗುವಿನ ಕಣ್ಣು ಉಳಿಯುತ್ತದೆ. ಉತ್ತರ ಬಂದರೆ ಮಗುವಿನ ಮದ್ದೋ ತಪಾಸಣೆಯೋ ಬದಲಾಗಬೇಕು. ಯಾವುದೂ ಬದಲಾಗದ ಪರೀಕ್ಷೆಗೆ ಎತ್ತು ಮಾರಿ ದುಡ್ಡು ಕಟ್ಟುವುದನ್ನು ನೋಡಿ ನನಗೆ ಸಾಕಾಗಿದೆ. ಅದೇ ದುಡ್ಡಿನಲ್ಲಿ ಆ ಮಗುವನ್ನು ಆರು ತಿಂಗಳು ಆಸ್ಪತ್ರೆಯ ಹತ್ತಿರ ಒಂದು ಕೋಣೆಯಲ್ಲಿ ಇಡಬಹುದಿತ್ತು. ವಾರ್ಡಿನ ಬಿಲ್ಲಿಗೆ ಆಯುಷ್ಮಾನ್ ಕಾರ್ಡು ನಡೆಯುತ್ತದೆ, ತಪ್ಪಿದ ಕೂಲಿಗೆ ನಡೆಯುವುದಿಲ್ಲ.

ನನ್ನದೂ ಒಂದು ತಪ್ಪಿದೆ. ಬೆಂಚಿಗೆ ಬಂದ ಮೊದಲ ವರ್ಷ ಯಾದಗಿರಿ ಕಡೆಯ ಒಬ್ಬ ತಂದೆಗೆ ಮಗಳ ರಿಪೋರ್ಟು ಓದಿ ಹೇಳಿದೆ. ‘ಹೈ ರಿಸ್ಕ್’ ಎಂದಿತ್ತು, ಒಂದು ಜೀನಿನ ಹೆಸರಿತ್ತು. ಮೇಷ್ಟ್ರ ಚಟ ಬಿಡುತ್ತದೆಯೇ, ಜೀನು ಎಂದರೇನು, ಅದು ಕೆಟ್ಟರೆ ಏನಾಗುತ್ತದೆ ಎಂದು ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದೆ. ಆತ ಕೈ ಕಟ್ಟಿಕೊಂಡು ಕೇಳಿದ. ‘ಹೈ ರಿಸ್ಕ್’ ಎಂದರೆ ಹೆಚ್ಚು ಬಲವಾದ ಮದ್ದು ಕೊಡಬೇಕೆಂಬ ಸೂಚನೆ ಎಂಬ ಒಂದು ಮಾತು ಹೇಳಲು ಮರೆತೆ. ಮರುದಿನ ಮಂಚ ಖಾಲಿ ಇತ್ತು. ಫೋನು ಸ್ವಿಚಾಫ್. ಬರೆದದ್ದನ್ನು ತಪ್ಪಿಸಲು ಯಾರಿಂದಾಗುತ್ತದೆ, ಇನ್ನಿಬ್ಬರು ಮಕ್ಕಳಿಗಾದರೂ ಹೊಲ ಉಳಿಯಲಿ ಎಂದು ಹೋದನಂತೆ. ಪಕ್ಕದ ಮಂಚದವರು ಹೇಳಿದರು. ಅಂಥ ಮಗು ಸತ್ತರೆ ‘ಕೆಟ್ಟ ಜೀನಿನ ಮಗು ಉಳಿಯಲಿಲ್ಲ’ ಎಂದು ಇನ್ನೊಂದು ಗೀಟು ಬೀಳುತ್ತದೆ, ಭವಿಷ್ಯ ಹೇಳಿದವರ ಮಾತು ನಿಜವಾಗುತ್ತದೆ.

ಈಗ ನಾನು ಬೇರೆ ರೀತಿ ಓದುತ್ತೇನೆ. ಹೋದ ವಾರ ಸಿಂಧನೂರು ತಾಲ್ಲೂಕಿನ ಒಬ್ಬಾತ ರಿಪೋರ್ಟು ಚಾಚಿದ. ಮಗಳಿಗೆ ಐದು ವರ್ಷ. ಇಟಿವಿ6-ರನ್‌ಎಕ್ಸ್1, ಎಲ್ಲರೂ ಬಯಸುವ ಗುರುತು.

“ಎಷ್ಟು ಪರ್ಸೆಂಟ್ ಅಂತ ಬರದಾರ್ರಿ ಸರ?”

ನಾನು ಹಾಳೆ ಮಡಚಿ ಅವನ ಕೈಗೇ ಕೊಟ್ಟೆ. “ಕೀಮೊ ತಗೊಂಡು ಊರಿಗೆ ಹೋದ ಮೇಲೆ ರಾತ್ರಿ ಜ್ವರ ಬಂತು ಅಂತಿಟ್ಕೊಳ್ಳಿ. ಆಸ್ಪತ್ರೆಗೆ ಹೇಗೆ ಬರ್ತೀರಿ?”

ಆತ ಬೆರಳು ಮಡಚುತ್ತ ಲೆಕ್ಕ ಹಾಕಿದ. “ಊರಿಂದ ಸಿಂಧನೂರಿಗೆ ಟಂಟಂ ಅದಾವ್ರಿ. ರಾತ್ರಿ ಎಂಟರ ತನಕ ಸಿಗತಾವ. ಅದು ತಪ್ಪಿದ್ರ…” ಬೆರಳು ಅಲ್ಲೇ ನಿಂತಿತು. “ಮುಂಜಾನಿ ಹಾಲಿನ ಗಾಡಿ ಬರತೈತ್ರಿ, ಐದೂವರಿಗೆ.”